ಶನಿವಾರದ ಸಡ್ಡಕ

ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ಬೇರೆಯವರ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯ ಕಾರಣವಿರುತ್ತದೆ. ಒಬ್ಬರಿಗೆ ಪಕ್ಕದವರ ಹೊಸ ಮನೆ, ಇನ್ನೊಬ್ಬರಿಗೆ ಗೆಳೆಯನ ಬಡ್ತಿ. ನನ್ನದು ನಾಲ್ಕು ಜನರೆದುರು ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು. ನಾನು ಒಬ್ಬ ಮನುಷ್ಯನ ಶನಿವಾರದ ಮೇಲೆ ಹೊಟ್ಟೆಕಿಚ್ಚು ಪಟ್ಟವನು. ಆ ಮನುಷ್ಯ ನನ್ನ ಸಡ್ಡಕ, ಅಂದರೆ ನನ್ನ ಹೆಂಡತಿ ಸುಗುಣಾಳ ಅಕ್ಕ ರತ್ನಾಳ ಗಂಡ, ಜಯರಾಜ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಹಾವೇರಿಯಲ್ಲಿ ಕನ್ನಡ ಶಾಲೆಯ ಮಾಸ್ತರ, ಜಯರಾಜ ಬ್ಯಾಡಗಿಯಲ್ಲಿ ಟೇಲರ್. ಎರಡೂ ಮನೆಯವರು ಅಜ್ಜಂದಿರ ಕಾಲದಿಂದ ರವಿವಾರ ಚರ್ಚಿಗೆ ಹೋಗುವ ಕ್ರೈಸ್ತರು. ಹೀಗಿರುವಾಗ ಊರಿಗೆ ಬಂದ ಯಾವನೋ ಬೋಧಕನ ಮಾತು ಕೇಳಿ ಜಯರಾಜನಿಗೆ ನಿಜವಾದ ಸಬ್ಬತ್, ಅಂದರೆ ದೇವರು ನೇಮಿಸಿದ ವಿಶ್ರಾಂತಿಯ ದಿನ, ಶನಿವಾರವೆಂದು ಮನದಟ್ಟಾಯಿತು. ಮಾರನೆಯ ವಾರವೇ ಅಂಗಡಿಯ ಮುಂದೆ ‘ಶನಿವಾರ ರಜೆ, ರವಿವಾರ ಚಾಲೂ’ ಎಂಬ ಬೋರ್ಡು ತೂಗಿತು. ಶನಿವಾರ ಹಣಮಪ್ಪ ದೇವರ ವಾರ, ಟೇಲರ್ ಆ ದೇವರಿಗೆ ನಡೆದುಕೊಳ್ಳುತ್ತಿದ್ದಾನೆಂದು ಬ್ಯಾಡಗಿಯ ಮಂದಿ ತಿಳಿದರು. ಪುಣ್ಯವಂತರೊಬ್ಬರು ಜಾಕೀಟು ಹೊಲಿಯಲು ಕೊಡುವಾಗ ಜೊತೆಗೊಂದು ತೆಂಗಿನಕಾಯಿಯನ್ನೂ ಕೊಟ್ಟು, ‘ನಮ್ಮ ಹೆಸರಲೆ ಇದನ್ನೂ ಒಡಸ್ರಿ’ ಎಂದು ಹೇಳಿಹೋದರಂತೆ.

ನನಗೆ ಮೊದಲು ನಗು ಬಂತು. ಆದರೆ ಸುಗುಣಾ ಅಕ್ಕನ ಮನೆಗೆ ಹೋಗಿ ಬಂದವಳು, ‘ಭಾವನೋರು ಶನಿವಾರ ಅಕ್ಕಗ ಒಲಿ ಹಚ್ಚಾಕ ಬಿಡೂದಿಲ್ರಿ. ಶುಕ್ರವಾರನ ಎಲ್ಲಾ ಮಾಡಿಟ್ಟಬಿಡತಾಳ. ಮರುದಿನ ಪೂರ್ತಿ ಅರಾಮ’ ಎಂದಳು. ಹೇಳಿದ್ದು ಸಹಜವಾಗಿಯೇ. ಆ ‘ಅರಾಮ’ ಎಂಬ ಶಬ್ದವನ್ನು ಮಾತ್ರ ಬಾಯಲ್ಲಿ ಪೇಢೆ ಇಟ್ಟುಕೊಂಡವಳಂತೆ ಉಚ್ಚರಿಸಿದಳು. ಅಂದಿನಿಂದ ನನ್ನ ನಗು ನಿಂತಿತು. ಜಯರಾಜ ನನಗಿಂತ ಎತ್ತರದವನು, ಕೀರ್ತನೆ ಹಾಡಿದರೆ ಕಿಟಕಿಯ ಗಾಜು ನಡುಗುವಂಥ ಕಂಠದವನು, ತಾನು ಹೊಲಿದ ಅಂಗಿಯಲ್ಲಿ ವರನಂತೆ ಕಾಣುವವನು. ಇಷ್ಟನ್ನು ನಾನು ಹೇಗೋ ಸಹಿಸಿದ್ದೆ. ಈಗ ಅವನು ಹೆಚ್ಚು ಭಕ್ತಿವಂತನೂ ಒಳ್ಳೆಯ ಗಂಡನೂ ಆಗಿಬಿಟ್ಟರೆ ನನಗೆ ಉಳಿಯುವುದೇನು?

ಅವನನ್ನು ಶಾಸ್ತ್ರದಿಂದಲೇ ಸೋಲಿಸಬೇಕೆಂದು ನಿಶ್ಚಯಿಸಿದೆ. ತಿಂಗಳುಗಟ್ಟಲೆ ಬೈಬಲ್ಲಿನ ವಚನಗಳನ್ನು ಹುಡುಕಿ, ಶಾಲೆಯ ನೋಟುಬುಕ್ಕಿನಲ್ಲಿ ಬರೆದು, ಕೆಂಪು ಶಾಯಿಯಿಂದ ಅಡಿಗೆರೆ ಎಳೆದೆ. ಕ್ರಿಸ್ಮಸ್ ರಜೆಯಲ್ಲಿ ಎಲ್ಲರೂ ರಾಣೆಬೆನ್ನೂರಿನ ಮಾವನವರ ಮನೆಯಲ್ಲಿ ಕೂಡಿದೆವು. ಮಾವನವರು ಚರ್ಚಿನ ಸಭೆಯ ಹಿರಿಯರು, ದೊಡ್ಡಳಿಯ ರವಿವಾರ ಬಿಟ್ಟನೆಂದು ಸಿಟ್ಟಾಗಿದ್ದರು. ನ್ಯಾಯಾಧೀಶರು ನನ್ನ ಕಡೆಗಿದ್ದಾರೆಂಬ ಧೈರ್ಯದ ಮೇಲೆ ನಾನೇ ಮಾತು ತೆಗೆದೆ.

‘ಅಣ್ಣಾರ, ಕರ್ತ ಸತ್ತು ಎದ್ದದ್ದು ರವಿವಾರ. ಶಿಷ್ಯರು ಕೂಡಿ ರೊಟ್ಟಿ ಮುರದದ್ದೂ ರವಿವಾರ. ಮತ್ತ ನೀವ್ಯಾಕ ಹಿಂದಕ ಹೊಂಟೀರಿ?’

ಜಯರಾಜ ಸಿಟ್ಟಾಗಲಿಲ್ಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನೇ ಇಳಿಸಿಕೊಂಡು ಬಂದ. ‘ಮಾಸ್ತರ, ಇದರಾಗ ಮೊದಲನೇದ್ದು ಯಾವ ವಾರ ಐತಿ?’

‘ರವಿವಾರ.’

‘ಎಣಸ್ಕೋತ ಬರ್ರಿ. ಏಳನೇದ್ದು?’

‘ಶನಿವಾರ’ ಎಂದೆ, ನನ್ನದೇ ಶಾಲೆಯ ಒಂದನೆಯ ಇಯತ್ತೆಯ ಹುಡುಗನಂತೆ.

‘ದೇವರು ಆರು ದಿನದಾಗ ಲೋಕ ಮಾಡಿ ವಿಶ್ರಾಂತಿ ತಗೊಂಡದ್ದು ಏಳನೇ ದಿನ. ಶಿಷ್ಯರು ರವಿವಾರ ಕೂಡಿದ್ದು ಖರೇ, ನಾ ಇಲ್ಲನ್ನೂದಿಲ್ಲ. ಆದ್ರ ಸಬ್ಬತ್ ಬದಲಿ ಮಾಡೇವಿ ಅಂತ ಎಲ್ಲಿ ಹೇಳ್ಯಾರ? ಒಂದು ವಚನ ತೋರಸ್ರಿ, ನಾಳೆನ ಬೋರ್ಡ್ ತಗೀತೇನಿ.’

ನಾನು ನೋಟುಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. ಕೆಂಪು ಗೆರೆಗಳು ಬಹಳ ಇದ್ದವು, ಆ ವಚನವೊಂದು ಇರಲಿಲ್ಲ. ಕೊನೆಗೆ ಮಾವನವರು, ‘ಅಂವ ತಪ್ಪೋ ಸರೀನೋ, ಗಿರಾಕಿ ಹೋದ್ರೂ ಅಂಗಡಿ ಮುಚ್ಚತಾನ ನೋಡು. ಅದಕ್ಕೂ ಎದಿ ಬೇಕು’ ಎಂದುಬಿಟ್ಟರು. ನ್ಯಾಯಾಧೀಶರೂ ಕೈ ತಪ್ಪಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಸುಗುಣಾ ಸೆರಗಿಗೆ ಕೈ ಒರೆಸುತ್ತ ಬಂದಳು. ‘ಮುಗೀತಿಲ್ರಿ ನಿಮ್ಮ ವಾದ? ನಂದೊಂದ್ ಮಾತು. ಪೂಜಾಕ ನಾ ನಿಮ್ಮ ಜೋಡಿ ರವಿವಾರಾನ ಬರತೇನಿ. ಆದ್ರ ವಿಶ್ರಾಂತಿ ಮಾತ್ರ ಅಕ್ಕನ ಜೋಡಿ ಶನಿವಾರ. ರವಿವಾರ ಪೂಜಾ ಮುಗಿದಕೂಡಲೆ ನೀವು ನಾಕ್ ಮಂದೀನ್ನ ಊಟಕ್ಕ ಕರಕೊಂಡ್ ಬರತೀರಿ. ನನ್ನ ಸಬ್ಬತ್ ಒಲಿ ಮುಂದ ಆಗತೈತಿ.’

ಹೇಳಿದಂತೆಯೇ ಮಾಡಿದಳು. ಹೊಸ ವರ್ಷದಿಂದ ಶುಕ್ರವಾರ ಸಂಜೆಯ ಬಸ್ಸಿಗೆ ಬ್ಯಾಡಗಿಗೆ ಹೋದರೆ, ರವಿವಾರ ಬೆಳಿಗ್ಗೆ ನೇರ ಚರ್ಚಿನ ಬಾಗಿಲಲ್ಲಿ ನನಗೆ ಸಿಗುತ್ತಿದ್ದಳು. ಸಭೆಯವರು, ‘ನಿಮ್ಮ ಮನ್ಯಾವ್ರೂ ಆ ಕಡೆ ವಾಲಿದ್ರೇನು?’ ಎಂದು ಕೇಳತೊಡಗಿದರು. ನನಗೆ ಅನ್ನ ರುಚಿಸಲಿಲ್ಲ. ಅದನ್ನು ನಾನೇ ಮಾಡಿಕೊಳ್ಳುತ್ತಿದ್ದುದೂ ಒಂದು ಕಾರಣವಿರಬೇಕು.

ಐದನೆಯ ಶನಿವಾರ ತಡೆಯಲಾಗಲಿಲ್ಲ. ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಅವಳನ್ನು ಕರೆದುಕೊಂಡೇ ಬರುವುದು, ಜಯರಾಜನಿಗೆ ಎರಡು ಬಿರುಸು ಮಾತು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಇಳಿದಾಗ ಅದರಲ್ಲಿ ಅರ್ಧ ಮರೆತಿತ್ತು. ಓಣಿಯಲ್ಲಿ ಹೋಗುತ್ತಿದ್ದಂತೆ ಅವರ ಮನೆಯೊಳಗಿಂದ ನಗು ಕೇಳಿಸಿತು. ಯಾರೋ ಹುಡುಗಿ ನಗುತ್ತಿದ್ದಾಳೆಂದುಕೊಂಡೆ. ಬಾಗಿಲಲ್ಲಿ ನಿಂತು ನೋಡಿದರೆ ಸುಗುಣಾ. ಚಾಪೆಯ ಮೇಲೆ ಅಕ್ಕನ ತೊಡೆಗೆ ತಲೆಯಿಟ್ಟು ಮಲಗಿ, ಬಾಲ್ಯದ ಯಾವುದೋ ಮಾತು ನೆನೆದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷ. ಆ ನಗು ನನ್ನ ಮನೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಾನು ಒಳಗೆ ಹೋಗಲಿಲ್ಲ.

ಮನೆಗೆ ಹೊಂದಿಕೊಂಡ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಜಯರಾಜ ನನ್ನನ್ನು ಕಂಡು ತಾನೇ ಎದ್ದು ಹೋಗಿ ಹಿಂದಿನ ದಿನದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟ. ತಿನ್ನುತ್ತಿರುವಾಗ ಮೆಲ್ಲಗೆ, ‘ಮಾಸ್ತರ, ಖರೇ ಹೇಳ್ಲೇನು? ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ’ ಎಂದ.

‘ನನ್ನ ನೋಡಿ? ಯಾಕ?’

‘ನಿಮ್ಮ ಸಬ್ಬತ್‌ಗೆ ಸರಕಾರನ ರಜಾ ಕೊಡತೈತಿ. ನಾ ಒಂದು ದಿನ ಬಾಗಲಾ ಹಾಕಿದ್ರ ಲಗ್ನದ ಬಟ್ಟಿ ಎಲ್ಲಾ ಎದುರಿನ ಅಂಗಡಿಗೆ ಹೊಕ್ಕಾವು. ಪ್ರತಿ ಶನಿವಾರ ಇಲ್ಲೆ ಕುಂತು ಅವನ ಮಷೀನ್ ಸಪ್ಪಳಾ ಕೇಳತೇನಿ. ಅದು ವಿಶ್ರಾಂತಿ ಅಲ್ರಿ, ಪರೀಕ್ಷಾ.’

ನನಗೆ ಅಪಾರ ಸಮಾಧಾನವಾಯಿತು. ಹೇಳಲು ತಂದಿದ್ದ ಬಿರುಸು ಮಾತುಗಳನ್ನು ರೊಟ್ಟಿಯ ಜೊತೆಗೆ ನುಂಗಿ, ಸುಗುಣಾಳಿಗೆ ಕಾಣಿಸಿಕೊಳ್ಳದೆ ಮುಂದಿನ ಬಸ್ಸಿಗೇ ಹೊರಟುಬಂದೆ.

ಮರುದಿನ ಚರ್ಚಿನಿಂದ ಬರುವಾಗ ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಮನೆಯಲ್ಲಿ ಸುಗುಣಾ ಒಲೆಯ ಕಡೆ ನಡೆದಳು. ‘ಕುಂದ್ರು, ನಿನ್ನೇನ ಮಾಡಿಟ್ಟೇನಿ’ ಎಂದೆ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು. ನಾನು ಬಡಿದ ರೊಟ್ಟಿಗಳಲ್ಲಿ ಒಂದಾದರೂ ದುಂಡಗಿರಲಿಲ್ಲ. ಬದನೆಕಾಯಿ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಅವಳು ಅದನ್ನು ಪೂರ್ತಿ ತಿಂದು, ಮೂರು ಸಲ ನೀರು ಕುಡಿದು, ಚಾಪೆ ಹಾಸಿ ಮಲಗಿದಳು. ಎರಡು ತಿಂಗಳಲ್ಲಿ ರೊಟ್ಟಿ ದುಂಡಗಾದವು. ಬ್ಯಾಡಗಿಯ ಪ್ರಯಾಣ ತಿಂಗಳಿಗೊಮ್ಮೆಗೆ ಇಳಿಯಿತು. ಒಂದು ರವಿವಾರ ಮಧ್ಯಾಹ್ನ ನಾನು ಪಾತ್ರೆ ತಿಕ್ಕುತ್ತ ಹಾಡಿದ ಕೀರ್ತನೆ ಕೇಳಿ ಅವಳು ಆ ನಗುವನ್ನೂ ನಕ್ಕಳು.

ಇಲ್ಲಿಗೆ ಮುಗಿಸಿದ್ದರೆ ನಾನು ಬದಲಾದ ಮನುಷ್ಯನೆಂದು ನೀವು ನಂಬುತ್ತಿದ್ದಿರಿ. ಆದರೆ ಸುಗುಣಾ ಇದೆಲ್ಲವನ್ನೂ ಅಕ್ಕನಿಗೆ ವರದಿ ಮಾಡಿದ್ದಳು. ಒಂದು ದಿನ ಜಯರಾಜನಿಂದ ಕಾರ್ಡು ಬಂತು: ‘ಮಾಸ್ತರ, ನೀವು ಯಾವ ವಾರ ಬೇಕಾದರೂ ಆಚರಿಸಿರಿ, ನನ್ನ ತಕರಾರಿಲ್ಲ. ರೊಟ್ಟಿ ಬಡಿಯುವುದನ್ನು ಮಾತ್ರ ದಯಮಾಡಿ ನಿಲ್ಲಿಸಿರಿ. ಶುಕ್ರವಾರದ ಅಡುಗೆಯನ್ನು ಇನ್ನು ಮೇಲೆ ನಾನೇ ಮಾಡಬೇಕೆಂದು ರತ್ನಾ ತೀರ್ಮಾನಿಸಿದ್ದಾಳೆ.’

ಆ ಕಾರ್ಡನ್ನು ರವಿವಾರ ಚರ್ಚಿಗೂ ಒಯ್ದೆ. ಪಾದ್ರಿಗಳು ಮತ್ಸರದ ಪಾಪದ ಮೇಲೆ ಬೋಧಿಸುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ ಪ್ರಾರ್ಥಿಸುವಾಗ ನಾನೂ ತಗ್ಗಿಸಿದೆ. ಮಡಿಲಲ್ಲಿಟ್ಟಿದ್ದ ಕಾರ್ಡನ್ನು ನಾಲ್ಕನೆಯ ಸಲ ಓದಲು ಅದೇ ಅನುಕೂಲವಾಗಿತ್ತು.