ಕಾಕಾನ ಕ್ಯಾಸೆಟ್ಟಿನ ಅಭಿಮಾನಿಗಳು

ನಮ್ಮ ಕಾಕಾನ ಹಾಡು ಕೇಳಿ ಹೆದರದವರು ಜಮಖಂಡಿ ತಾಲೂಕಿನಲ್ಲೇ ಯಾರೂ ಇಲ್ಲ. ಉತ್ಪ್ರೇಕ್ಷೆ ಅಂದಿರಾ? ನಾನು ಡಿಗ್ರಿ ಮುಗಿಸಿದವನು, ನಮ್ಮ ಮನೆತನದಲ್ಲಿ ಮೊದಲನೆಯವನು. ದೆವ್ವ, ಗಾಳಿ ಯಾವುದನ್ನೂ ನಂಬುವುದಿಲ್ಲ. ಆದರೆ ಅವನ ಕ್ಯಾಸೆಟ್ಟಿನ ಎರಡನೇ ಬದಿಯನ್ನು ಒಬ್ಬನೇ ಕೂತು ಕೇಳು ಅಂದರೆ ಇವತ್ತಿಗೂ ಒಲ್ಲೆ.

ಕಾಕಾ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವ. ಗೆಳೆಯನೊಬ್ಬ ಮುಂಬೈಯಿಂದ ತಂದ ಇಂಗ್ಲಿಷ್ ರಾಕ್ ಸಂಗೀತ ಕೇಳಿ ಅವನ ತಲೆ ತಿರುಗಿತು. ತಾನೂ ಒಂದು ಕ್ಯಾಸೆಟ್ ಮಾಡಿದ. ಮದುವೆ ಬ್ಯಾಂಡಿನವರ ಗಿಟಾರು, ಬೀರಪ್ಪನ ಗುಡಿಯ ಡೊಳ್ಳು, ಮಗ್ಗದ ಖಟಪಟ, ಇವೆಲ್ಲದರ ಮೇಲೆ ಬಾವಿಯೊಳಗೆ ತಲೆ ಇಳಿಬಿಟ್ಟು ಹಾಡಿದ ಕಾಕಾನ ದನಿ. ಹೆಸರು ‘ಆಕಾಶದ ಲಾಳಿ’. ಮೊದಲ ಸಲ ಮನೆಯಲ್ಲಿ ಹಚ್ಚಿದಾಗ ಅಜ್ಜಿ ಟೇಪ್‌ರೆಕಾರ್ಡರಿಗೆ ಬೀರಪ್ಪನ ಭಂಡಾರದ ಅರಿಶಿನ ಎರಚಿ, “ಯಾರ ಅದೀಯೋ ಯಪ್ಪಾ, ಏನ ಬೇಕ ಹೇಳು, ಕೊಟ್ಟ ಕಳಸ್ತೇವಿ” ಅಂದಳು.

“ಯವ್ವಾ, ಅದು ನಾನಬೇ.”

“ನೀ ಆದ್ರ ಮತ್ತೂ ಅಂಜಿಕಿ.”

ಅಂಗಡಿಯವರು ಕ್ಯಾಸೆಟ್ಟುಗಳನ್ನು ವಾಪಸ್ ಕಳಿಸಿದರು. ಅವು ಗೋಣಿಚೀಲದಲ್ಲಿ ಮಂಚದ ಕೆಳಗೆ ಬಿದ್ದವು, ಕಾಕಾ ಮಂಚದ ಮೇಲೆ ಬಿದ್ದ. ಮಗ್ಗ ಹಚ್ಚಲಿಲ್ಲ, ಮಾತಾಡಲಿಲ್ಲ, ಊಟ ಅರ್ಧಕ್ಕೇ ಬಿಟ್ಟು ಗೋಡೆ ಕಡೆ ತಿರುಗುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದು, “ತಮ್ಮಾ, ಇಂವ ಏನರ ಮಾಡ್ಕೊಂಡ್ರ ಏನ ಮಾಡ್ಲಿ?” ಅಂದಾಗ ನನಗೆ ಹುಟ್ಟಿದ ಹೆದರಿಕೆಯ ಮುಂದೆ ಆ ಹಾಡು ಏನೂ ಅಲ್ಲ.

ಅಷ್ಟರಲ್ಲಿ ಹಿಪ್ಪರಗಿಯ ರೈತನೊಬ್ಬ ಬೈಕ್ ಮೇಲೆ ಬಂದು, “ಆ ಬಾವಿ ಕ್ಯಾಸೆಟ್ ಐತೇನ್ರಿ?” ಎಂದು ಕೇಳಿದ. ಮರುವಾರ ತುಬಚಿ ಊರಿನವರು ಬಂದರು. ಆಮೇಲೆ ಬೀಳಗಿ ಕಡೆಯವರು. ಕಾಕಾ ಎದ್ದ, ಗಡ್ಡ ತೆಗೆದ, ಮಗ್ಗ ಹಚ್ಚಿದ. “ಖರೆ ಕಲಾ ಅಂದ್ರ ಹೀಂಗ ತಮ್ಮಾ, ಜನಕ್ಕ ತಡಾ ಆಗಿ ತಿಳೀತೈತಿ.”

ಜನಕ್ಕೆ ಏನು ತಿಳಿದಿತ್ತು ಅನ್ನುವುದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಪಕ್ಕದಲ್ಲಿ ಕೂತ ತುಬಚಿಯವ ಹೇಳಿದ: “ಕಬ್ಬಿನಾಗ ಹಚ್ಚಿಟ್ರ ಹಂದಿ ಆ ಸೀಮಿಗೇ ಬರಂಗಿಲ್ರಿ.”

ಅಂದಿನಿಂದ ಶುರುವಾಯಿತು ನೋಡಿ ನನ್ನ ನಡುಕ. ಕ್ಯಾಸೆಟ್ ಹೋಗಿ ಮೆಮರಿ ಕಾರ್ಡ್ ಬಂತು, ಕಾಕಾನ ಕೀರ್ತಿ ಮಾತ್ರ ಹೋಗಲಿಲ್ಲ. ಯಾರಾದರೂ ಅವನ ಮುಂದೆ ಹಂದಿಯ ಸುದ್ದಿ ತೆಗೆದರೆ ನಾನು ಜೋರಾಗಿ ಕೆಮ್ಮುತ್ತಿದ್ದೆ. ಹಾಡು ಬೇಕೆಂದು ಬಂದವರನ್ನು ಬಾಗಿಲಲ್ಲೇ ತಡೆದು, “ಹಾಡು ಛಲೋ ಐತಿ ಅಂತಷ್ಟ ಅನ್ರಿ” ಎಂದು ಕೈಮುಗಿಯುತ್ತಿದ್ದೆ. ಕಾಲೇಜು ಕಲಿತದ್ದು ಇದಕ್ಕೇನು?

ಕಡೆಗೊಮ್ಮೆ ಕಾಕಾ, “ಅಭಿಮಾನಿಗಳನ್ನ ನೋಡಿ ಬರೂಣು ನಡಿ” ಎಂದು ಹಠ ಹಿಡಿದ. ಹಿಪ್ಪರಗಿಗೆ ಬೈಕ್ ಓಡಿಸುತ್ತ, ಪಂಕ್ಚರ್ ಆಗಲಪ್ಪಾ ಎಂದು ದಾರಿಯುದ್ದಕ್ಕೂ ಬೀರಪ್ಪನನ್ನು ಬೇಡಿಕೊಂಡೆ. ಬೀರಪ್ಪ ಕೇಳಿಸಿಕೊಳ್ಳಲಿಲ್ಲ. ಹೊತ್ತು ಮುಳುಗುವಾಗ ಕಬ್ಬಿನೊಳಗಿನ ಸ್ಪೀಕರಿನಿಂದ ಕಾಕಾನ ದನಿ ಎದ್ದಿತು. ಬದುವಿನ ಮೇಲೆ ಒಬ್ಬ ಮುದುಕಿ ಹೊಲ ಕಾಯುತ್ತ ಕೂತಿದ್ದಳು.

“ಈ ಹಾಡ ಯಾಕ ಹಚ್ಚೀಯಬೇ?” ಕಾಕಾ ಕೇಳಿಯೇ ಬಿಟ್ಟ. ನಾನು ಕೆಮ್ಮಿದೆ.

“ಹಂದಿಗೆ, ಯಪ್ಪಾ.”

ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮತ್ತೆ ಆ ಮಂಚ, ಆ ಗೋಡೆ!

“ಆದ್ರ ಕಬ್ಬು ಕಡದ ಮ್ಯಾಲೆ ಪಂಪ್‌ಸೆಟ್ ಕಾಯೂವಾಗೂ ಹಚ್ಚತೇನಿ,” ಅಂದಳು ಮುದುಕಿ. “ಮಗ ಊಟಾ ಮಾಡಿ ಬರೂತನಕ ಒಬ್ಬಾಕಿನ ಇರ್ತೇನಿ, ಭಾಳ ಅಂಜಿಕಿ ಬರ್ತೈತಿ. ಈ ಹಾಡಾಂವ ನನಗಿಂತ ಹೆಚ್ಚು ಅಂಜ್ಯಾನ, ದನಿ ಕೇಳಿ ನೋಡು. ಆದರೂ ಬಿಡವೊಲ್ಲ, ಹಾಡಾಕತ್ತಾನ. ಅಂವ ಅಷ್ಟ ಮಾಡ್ತಾನಂದ್ರ ನಾ ಇಷ್ಟು ಕುಂಡ್ರಾಕ ಏನಾತು?”

ಕಾಕಾ ಅವಳ ಪಕ್ಕ ಕೂತ. ತಾನು ಯಾರೆಂದು ಹೇಳಲಿಲ್ಲ. ಹಾಡು ಮುಗಿಯಿತು, ಕಬ್ಬಿನ ಗರಿ ಸರಸರ ಅಂದವು, ಕತ್ತಲಾಗುತ್ತ ಬಂತು. ನಾನು ಬೈಕ್ ತಿರುಗಿಸಿ ಅವನತ್ತ ನೋಡಿದೆ.

“ಆಕಿ ಮಗ ಬರ್ಲಿ, ಆಮ್ಯಾಲೆ ಹೋಗೂಣು,” ಅಂದ ಕಾಕಾ ಮೆಲ್ಲಗೆ. “ನೀನೂ ಬಾ, ಕುಂಡ್ರು.”