ಗ್ರೋವಿಕ್ ಅರಮನೆಯ ಬಲಗಡೆಯ ಕಿಟಕಿ

ಗ್ರೋವಿಕ್ ಅರಮನೆಯ ಎಡತುದಿಯ ಕಿಟಕಿ ಮುನ್ನೂರೈವತ್ತು ವರ್ಷಗಳಿಂದ ತೆರೆದಿಲ್ಲ. ಏಕೆಂದರೆ ಅದು ಕಿಟಕಿಯಲ್ಲ, ಗೋಡೆಯ ಮೇಲಿನ ಚಿತ್ರ. ಅರಮನೆ ಕಟ್ಟಿಸಿದ ದೊರೆಗೆ ಅಲ್ಲಿ ಅಡುಗೆಮನೆಯ ಹೊಗೆಗೂಡು ಅಡ್ಡಬಂತು. ಬಣ್ಣದವನನ್ನು ಕರೆಸಿ ಕಿಟಕಿ ಬರೆಸಿದ. ಸರೋವರದ ಕಡೆಯಿಂದ ಬರುವವರಿಗೆ ಎರಡೂ ಬದಿ ಒಂದೇ ಥರ ಕಾಣಲೆಂದು ಬಲತುದಿಯಲ್ಲೂ ಚಿತ್ರವನ್ನೇ ಬರೆಸಿದ. ಎಷ್ಟೋ ಕಾಲದ ಮೇಲೆ ಯಾರೋ ಅವಿವೇಕಿ ಬಲಗಡೆ ಗೋಡೆ ಒಡೆದು ನಿಜವಾದ ಕಿಟಕಿ ಇಡಿಸಿದ.

ಇದನ್ನೆಲ್ಲ ಕಂಡುಹಿಡಿದವನು ಆರ್ವಿಡ್, ನಿವೃತ್ತ ಇತಿಹಾಸ ಮೇಷ್ಟ್ರು. ಭಾನುವಾರ ಪ್ರವಾಸಿಗರಿಗೆ ಅರಮನೆ ತೋರಿಸುತ್ತಾನೆಂದು ಒಡತಿ ಉಲ್ರಿಕಾ ಅವನಿಗೆ ಬಲತುದಿಯ ಕೋಣೆ ಕೊಟ್ಟಿದ್ದಳು. ಆ ಕೋಣೆಗೆ ಇದ್ದದ್ದು ಅದೊಂದೇ ಕಿಟಕಿ. ಅದರಲ್ಲಿ, ತೀರಿಹೋದ ಹೆಂಡತಿ ಗುನ್ವೋರ್ ನೆಟ್ಟಿದ್ದ ಕೆಂಪು ಜೆರೇನಿಯಂ ಹೂಗಿಡದ ಕುಂಡ. ಅರಮನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆರ್ವಿಡ್ ಆ ಅವಿವೇಕಿಯನ್ನು ಪುಟಗಟ್ಟಲೆ ಜಾಡಿಸಿದ. ಜಾಡಿಸಿದ್ದು ಅವನಿಟ್ಟ ಕಿಟಕಿಯ ಬೆಳಕಿನಲ್ಲೇ ಕೂತು ಎಂಬುದು ನಮ್ಮ ಪಂಡಿತನಿಗೆ ಹೊಳೆಯಲಿಲ್ಲ.

ಪುಸ್ತಕವನ್ನು ಪೂರ್ತಿ ಓದಿದವಳು ಒಬ್ಬಳೇ, ಪರಂಪರೆ ಕಚೇರಿಯ ಅಧಿಕಾರಿ ಬ್ರಿಟ್‌ಮರಿ. ಓದಿ ಸಭೆ ಕರೆದಳು.

“ನಿಮ್ಮ ವಾದ ತಳ್ಳಿಹಾಕೋ ಹಾಗೇ ಇಲ್ಲ ಆರ್ವಿಡ್. ಬಲಗಡೆ ಕಿಟಕಿ ಮುಚ್ಚಿಸಿ, ಮೊದಲಿದ್ದ ಹಾಗೆ ಚಿತ್ರ ಬರೆಸ್ತೀವಿ.”

“ಅದು... ನನ್ನ ಕೋಣೇದಲ್ವಾ?”

“ನಿಮ್ಮದೇ! ಎಂಥಾ ಗೌರವ ನೋಡಿ.”

“ಚಳಿಗಾಳಿನೂ ನುಗ್ಗಲ್ಲ ಬಿಡಿ,” ಎಂದಳು ಉಲ್ರಿಕಾ.

“ಯಾರದ್ದಾದ್ರೂ ಆಕ್ಷೇಪಣೆ?” ಎಂದು ಬ್ರಿಟ್‌ಮರಿ ಸುತ್ತ ನೋಡಿದಳು.

ನಮ್ಮ ಸಭೆಗಳಲ್ಲಿ ಎಲ್ಲರೂ ಒಪ್ಪದೆ ಏನೂ ನಡೆಯುವುದಿಲ್ಲ, ಸುಮ್ಮನಿದ್ದವರು ಒಪ್ಪಿದವರು. ಅಷ್ಟರಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಬಂದಿತ್ತು. ಆರ್ವಿಡನ ಬಾಯಿ ತುಂಬಿತ್ತು. ತುಂಬಿದ ಬಾಯಲ್ಲಿ ಮಾತಾಡುವುದು ಮರ್ಯಾದೆಯಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

“ನನ್ನ ಗಿಡ?” ಎಂದ, ನುಂಗಿದ ಮೇಲೆ.

“ಗಿಡಾನೂ ಬರೆಸೋಣ. ಅದಕ್ಕೇನಂತೆ!” ಎಂದಳು ಬ್ರಿಟ್‌ಮರಿ.

ಕುಂಡವನ್ನು ಬೇರೆ ಕಿಟಕಿಯಲ್ಲಿ ಇಡೋಣವೆಂದರೆ, ಈ ಅರಮನೆಯ ಬೇರಾವ ಕಿಟಕಿಯಲ್ಲೂ ಗಿಡವಿದ್ದುದಕ್ಕೆ ಪುರಾವೆಯಿಲ್ಲವೆಂದು ಆರ್ವಿಡನೇ ಬರೆದಿದ್ದ. ಕಿಟಕಿ ಮುಚ್ಚಿದ ಕೋಣೆಯ ಕತ್ತಲಲ್ಲಿ ಗುನ್ವೋರಳ ಜೆರೇನಿಯಂ ಕ್ರಿಸ್‌ಮಸ್ಸನ್ನು ಕಾಣಲಿಲ್ಲ. ಒಣಗಿದ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಅವನು ಅತ್ತ.

ಹೊರಗೋಡೆಯ ಮೇಲೆ ಬರೆಸಿದ ಗಿಡ ಮಾತ್ರ ನಳನಳಿಸುತ್ತಿತ್ತು. ಮುಂದಿನ ಬೇಸಗೆಯ ಹೊತ್ತಿಗೆ ಅದರ ಕೆಂಪೂ ಮಂಕಾಯಿತು. ಕೂಡಲೇ ಕಚೇರಿಯ ಪ್ರಕಟಣೆ ಬಂತು: “ಸಂರಕ್ಷಿತ ಸಸ್ಯವು ಬಾಡುತ್ತಿರುವುದು ಗಮನಕ್ಕೆ ಬಂದಿದೆ. ನಿವಾಸಿಯು ಪ್ರತಿದಿನ ನೀರುಣಿಸತಕ್ಕದ್ದು. ನೀರು ಬಣ್ಣಕ್ಕೆ ತಾಗತಕ್ಕದ್ದಲ್ಲ.”

ಈಗ ಆರ್ವಿಡ್ ಬೆಳಗೆದ್ದು ಗೋಡೆಯ ಬುಡಕ್ಕೆ ನೀರು ಹೊಯ್ಯುತ್ತಾನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಉಲ್ರಿಕಾ ಕಾಫಿ ಹಿಡಿದು ಬಂದು ನಿಲ್ಲುತ್ತಾಳೆ.

“ಪರವಾಗಿಲ್ಲ, ಚೇತರಿಸಿಕೊಂಡಿದೆ ಅಲ್ವಾ?”

“ಮೊಗ್ಗೂ ಬಿಟ್ಟಿದೆ.”

ಮೊನ್ನೆ ಭಾನುವಾರ ಪ್ರವಾಸಿಯೊಬ್ಬ ಫೋಟೋ ತೆಗೆಸಿಕೊಳ್ಳಲು ಗೋಡೆಗೆ ಒರಗಿ ನಿಂತ. ಆರ್ವಿಡ್ ಓಡಿ ಹೋಗಿ ಅವನ ತೋಳು ಹಿಡಿದ.

“ಸ್ವಲ್ಪ ಆಚೆ ನಿಂತ್ಕೊಳ್ಳಿ ಸ್ವಾಮಿ. ನಮ್ಮ ಗುನ್ವೋರ್ ಗಿಡಕ್ಕೆ ಬಿಸಿಲು ಬೀಳ್ತಿಲ್ಲ.”

ಪ್ರವಾಸಿ ಕ್ಷಮೆ ಕೇಳಿ ಪಕ್ಕಕ್ಕೆ ಸರಿದ.