ಮೂರನೇ ಮಹಡಿಯ ಸ್ಟ್ರೈಕರ್

ಚೆನ್ನಾಗಿ ಗೊತ್ತಿರುವ ವಿಷಯದ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡು ಎಂದರೆ ನನ್ನ ನಾಲಿಗೆ ಒಣಗುತ್ತದೆ. ಗೊತ್ತಿಲ್ಲದ ವಿಷಯವಾದರೆ ನನ್ನನ್ನು ಹಿಡಿಯುವವರೇ ಇಲ್ಲ. ಬೆಂಗಳೂರಿನಲ್ಲಿ ಎಲ್ಲರೂ ಹಾಗೆಯೇ ಇರುವುದರಿಂದ ಈ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸ್ವೀಡನ್ನಿನ ನಾರ್‌ಶೋಪಿಂಗಿಗೆ ಕೆಲಸಕ್ಕೆ ಬಂದ ಮೇಲೆ, ಅದೂ ಒಗೆಯುವ ಬಟ್ಟೆಯ ದೆಸೆಯಿಂದ, ಬಯಲಾಯಿತು.

ನಮ್ಮ ಕಟ್ಟಡದ ಎಲ್ಲ ಮನೆಗಳಿಗೂ ಸೇರಿ ಎರಡು ವಾಷಿಂಗ್ ಮೆಷಿನ್ ಇರುವುದು ನೆಲಮಾಳಿಗೆಯಲ್ಲಿ. ಮೊದಲೇ ಸರದಿ ಹಿಡಿದಿಡಬೇಕು. ಒಂದು ಶನಿವಾರ ನಮ್ಮ ಸರದಿ ಮುಗಿಯಲು ಹತ್ತೇ ನಿಮಿಷವಿದ್ದಾಗ ನನ್ನ ಹೆಂಡತಿ ಸುಮಾ ಇನ್ನೊಂದಿಷ್ಟು ಬಟ್ಟೆ ತುರುಕಿದಳು. "ಅರ್ಧ ಗಂಟೆ ತಾನೇ, ಮುಂದಿನೋರು ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾರೆ ಬಿಡಿ" ಎಂದಳು. ಮಾಡಿಕೊಳ್ಳಲಿಲ್ಲ. ಹೋಗಿ ನೋಡಿದರೆ ನನ್ನ ಬನಿಯನ್ನುಗಳು ಒದ್ದೆಯಾಗಿಯೇ ಬುಟ್ಟಿಯಲ್ಲಿ ಕೂತಿದ್ದವು. ಮೇಲೊಂದು ಚೀಟಿ: ಇನ್ನೊಮ್ಮೆ ಹೀಗಾದರೆ ಮಾಲೀಕರಿಗೆ ದೂರು. ಸಹಿ, ಮೂರನೇ ಮಹಡಿಯ ಬಾರ್ಬ್ರೋ. ನಮ್ಮದೋ ಬಾಡಿಗೆದಾರರಿಂದ ಮರುಬಾಡಿಗೆಗೆ ಪಡೆದ ಮನೆ. ಗಂಟುಮೂಟೆ ಕಟ್ಟಲು ಒಂದು ದೂರು ಸಾಕಿತ್ತು. ನನಗೆ ನಿಜವಾಗಿ ಭಯವಾಯಿತು.

ಚಕ್ಕುಲಿ ಡಬ್ಬಿಯನ್ನೂ ಆರು ವರ್ಷದ ಮಗಳು ಅನಘಾಳನ್ನೂ ಮುಂದಿಟ್ಟುಕೊಂಡು ಕ್ಷಮೆ ಕೇಳಲು ಹೋದೆ. ಎಪ್ಪತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು ಬಾಗಿಲು ತೆರೆದರು. ಟಿವಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿತ್ತು. ಕೂರಲು ಹೇಳಿ ಕಾಫಿ ಕೊಟ್ಟರು. ಹೇಗಾದರೂ ಮೆಚ್ಚಿಸಬೇಕಲ್ಲ, ನಾನು ಇಂಗ್ಲಿಷಿನಲ್ಲಿ ಶುರುಹಚ್ಚಿಕೊಂಡೆ. ಕಾಲೇಜಿನಲ್ಲಿ ನಾನು ಸ್ಟ್ರೈಕರ್ ಆಗಿದ್ದೆ ಎಂದೆ. (ಹನ್ನೊಂದನೆಯವನು ಬರದಿದ್ದಾಗ ಒಂದು ಪಂದ್ಯ ಆಡಿದ್ದೆ. ಚೆಂಡು ಒಮ್ಮೆ ತಗುಲಿತ್ತು, ಬೆನ್ನಿಗೆ.) ಆಫ್‌ಸೈಡ್ ಎಂದರೇನೆಂದು ಕಾಫಿ ಲೋಟವನ್ನು ಗೋಲ್‌ಕೀಪರ್ ಮಾಡಿ, ಚಕ್ಕುಲಿ ಚೂರುಗಳನ್ನು ಡಿಫೆಂಡರುಗಳಾಗಿ ನಿಲ್ಲಿಸಿ ವಿವರಿಸಿದೆ. ಅವರು ಇಲ್ಲಿನವರ ಪದ್ಧತಿಯಂತೆ ಉಸಿರು ಒಳಗೆಳೆದುಕೊಂಡೇ ಹೂಂಗುಟ್ಟುತ್ತಿದ್ದರು. ಒಮ್ಮೆ ಮಾತ್ರ ಒಬ್ಬ ಡಿಫೆಂಡರನ್ನು ಸ್ವಲ್ಪ ಸರಿಸಿ, ಆಮೇಲೆ ತಿಂದರು.

ಅಷ್ಟರಲ್ಲಿ ಗೋಡೆಯ ಫೋಟೊ ಮುಂದೆ ನಿಂತು ಅವರೊಂದಿಗೆ ಸ್ವೀಡಿಷ್‌ನಲ್ಲಿ ಏನೋ ಮಾತಾಡಿದ ಅನಘಾ ನನ್ನತ್ತ ತಿರುಗಿದಳು. "ಪಪ್ಪಾ, ಇದು ಇವ್ರೇ ಅಂತೆ. ಸ್ವೀಡನ್ ಟೀಮಲ್ಲಿ ಗೋಲ್ ಹೊಡೀತಿದ್ರಂತೆ!"

ನೆಲ ಬಾಯಿಬಿಡಬಾರದೇ ಅನ್ನಿಸಿತು. ದೇಶದ ಪರವಾಗಿ ಹೆಂಗಸರು ಆಡತೊಡಗಿದ ಆ ಮೊದಲ ದಿನಗಳಲ್ಲಿ ಮುಂದಿನ ಸಾಲಿನಲ್ಲಿ ಓಡಿದವರು ಈ ಬಾರ್ಬ್ರೋ. ವಾರವೆಲ್ಲ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ಸಂಬಳವಿಲ್ಲದ ರಜೆ ಹಾಕಿ ಆಡಲು ಹೋಗುತ್ತಿದ್ದರು. ಗಂಡಸರ ಹಳೆಯ ಅಂಗಿಗಳು, ಅದೂ ಇಡೀ ತಂಡಕ್ಕೆ ಒಂದೇ ಸೆಟ್. ಪಂದ್ಯವಾದ ಮೇಲೆ ಸರದಿಯಂತೆ ಒಬ್ಬೊಬ್ಬರು ಒಗೆಯಬೇಕು.

"ಒಂದ್ಸಲ ಒಬ್ಬಳು ತಡ ಮಾಡಿದ್ಳು. ನನ್ನ ಮೊದಲನೇ ಗೋಲು ಹೊಡೆದಿದ್ದು ಒದ್ದೆ ಅಂಗಿಯಲ್ಲಿ. ಹದಿನೈದು ದಿನ ಜ್ವರ. ಅವತ್ತಿಂದ ನನಗೆ ಸರದಿ ಅಂದ್ರೆ ಸರದಿ" ಎಂದರು.

"ಆಡೋದು ಯಾಕೆ ಬಿಟ್ರಿ? ಮಂಡಿ ನೋವಾ?" ಎಂದೆ.

"ಇಲ್ಲ. ರಜೆ ಮುಗೀತು."

ಕೊನೆಗೆ, ನಾನು ಅಷ್ಟು ಹೊತ್ತು ಕೊರೆಯುವಾಗ ಸುಮ್ಮನಿದ್ದದ್ದೇಕೆ ಎಂದು ಕೇಳಿದೆ.

"ಆಗಲೂ ಗಂಡಸರು ಮೈದಾನದ ಪಕ್ಕ ನಿಂತು ಹೇಳ್ಕೊಡ್ತಾನೇ ಇದ್ರು. ಅಭ್ಯಾಸ ಇದೆ."

ದೂರು ಕೊಡಲಿಲ್ಲ, ಆದರೆ ದಂಡ ವಿಧಿಸಿದರು. ಅವರು ಪುಟ್ಟ ಹುಡುಗಿಯರಿಗೆ ಆಟ ಕಲಿಸುತ್ತಾರೆ. ಅನಘಾ ಆ ತಂಡ ಸೇರಿದಳು. ತಂಡದ ಅಂಗಿಗಳನ್ನು ತಂದೆತಾಯಿಗಳು ಸರದಿಯಂತೆ ಒಗೆಯಬೇಕು, ಮೊದಲ ಸರದಿ ನನ್ನದು. ಭಾನುವಾರ ಪುಟ್ಟ ಪುಟ್ಟ ಅಂಗಿಗಳನ್ನು ಮೆಷಿನ್ನಿಗೆ ಹಾಕಿ ಗಡಿಯಾರ ನೋಡುತ್ತಾ ಕಾವಲು ಕೂತಿದ್ದೆ. ಸರದಿ ಮುಗಿಯಲು ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಸುಮಾ ಎರಡು ಬೆಡ್‌ಶೀಟ್ ಹಿಡಿದು ಇಳಿದು ಬಂದಳು. "ಪಕ್ಕದ ಮೆಷಿನ್ ಖಾಲಿ ಇದೆಯಲ್ಲ, ಇದೊಂದು..."

ನಾನು ಕೈ ಮೇಲೆತ್ತಿ, "ಆಫ್‌ಸೈಡ್" ಎಂದೆ.

"ಹಾಗಂದ್ರೇನು?"

ಬಾಯಿ ತೆರೆದೆ. ಮತ್ತೆ ಮುಚ್ಚಿ, "ನನಗೆ ಸರಿಯಾಗಿ ಗೊತ್ತಿಲ್ಲ ಕಣೇ. ಮೂರನೇ ಮಹಡಿಗೆ ಹೋಗಿ ಕೇಳು" ಎಂದೆ.